ವೈಫೈ ನಿಧಾನವೇ? ಹೊಸ ರೂಟರ್ ಕೊಳ್ಳುವ ಮೊದಲು



ಬೆಳಗಿನ ಹಾಲು ಸಂಘಕ್ಕೆ ಹಾಕಿ ಬಂದು, ಬಟವಾಡೆ ಜಮೆ ಆಯಿತೋ ಇಲ್ಲವೋ ಎಂದು ಮೊಬೈಲ್ ತೆಗೆದರೆ ಚಕ್ರ ತಿರುಗುತ್ತಲೇ ಇರುತ್ತದೆ. ಹಾಲಿನ ಪ್ರೋತ್ಸಾಹಧನ ಬಂದದ್ದು ನೋಡಲು, ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ತಿಳಿಯಲು, ಮಕ್ಕಳ ಪಾಠಕ್ಕೆ, ಎಲ್ಲಕ್ಕೂ ಅದೇ ವೈಫೈ. ರಾತ್ರಿ ಎಮ್ಮೆ ಈಯಲು ಕಷ್ಟಪಡುವಾಗ ಕೊಟ್ಟಿಗೆಯಿಂದ ವೈದ್ಯರಿಗೆ ವಿಡಿಯೊ ಹೋಗದಿದ್ದರಂತೂ ಜೀವ ಬಾಯಿಗೆ ಬರುತ್ತದೆ. (ಅಂಥ ಹೊತ್ತಿನಲ್ಲಿ ಮೊದಲು ಫೋನ್ ಮಾಡಿ, ವಿಡಿಯೊ ಆಮೇಲೆ.)

‘ರೂಟರ್ ಹಳೇದಾತು, ಹೊಸಾದು ತರೋಣ’ ಎಂದು ಮನೆಯ ಹುಡುಗರು ಹೇಳುತ್ತಾರೆ. ಸ್ವಲ್ಪ ತಡೆಯಿರಿ. ಅದು ಒಂದೆರಡು ಚೀಲ ಪಶು ಆಹಾರದ ದುಡ್ಡು. ಸಂಘದಲ್ಲಿ ಫ್ಯಾಟ್ ಕಡಿಮೆ ಬಂತೆಂದು ಆಕಳನ್ನೇ ಮಾರುತ್ತೀರಾ? ಮೇವು ನೋಡುತ್ತೀರಿ, ಕೊನೆಯ ಹಾಲನ್ನು ಕರು ಕುಡಿಯಿತೇ ನೋಡುತ್ತೀರಿ, ಕ್ಯಾನಿನಲ್ಲಿ ತೊಳೆದ ನೀರು ಉಳಿದಿತ್ತೇ ನೋಡುತ್ತೀರಿ. ಇಲ್ಲೂ ಹಾಗೇ, ಎಲ್ಲಿ ಸೋರುತ್ತಿದೆ ಎಂದು ಅಳೆಯಬೇಕು.

ಉಳಿದವರ ಮೊಬೈಲ್, ಟಿವಿಯ ವೈಫೈ ಬಂದ್ ಮಾಡಿಸಿ ರೂಟರ್ ಪಕ್ಕದಲ್ಲೇ ಕುಳಿತು ಸ್ಪೀಡ್‌ಟೆಸ್ಟ್ ಆ್ಯಪ್‌ನಲ್ಲಿ ವೇಗ ನೋಡಿ. ಬೆಳಿಗ್ಗೆ ಒಮ್ಮೆ, ರಾತ್ರಿ 8ಕ್ಕೆ ಒಮ್ಮೆ ನೋಡಿ ಬರೆದಿಡಿ. ಆಮೇಲೆ ಕೊಟ್ಟಿಗೆಗೆ ಹೋಗಿ ಇನ್ನೊಮ್ಮೆ ನೋಡಿ. ಲೆಕ್ಕದಲ್ಲಿ ಒಂದು ಗೊಂದಲವಿದೆ: 40 ಎಂಬಿಪಿಎಸ್ ಪ್ಲಾನ್ ಎಂದರೆ ಸೆಕೆಂಡಿಗೆ 40 ಎಂಬಿ ಅಲ್ಲ. 8ರಿಂದ ಭಾಗಿಸಿ, 5 ಎಂಬಿ ಮಾತ್ರ.

ರೂಟರ್ ಪಕ್ಕದಲ್ಲೇ ವೇಗ ಕಡಿಮೆಯಿದ್ದರೆ ದೋಷ ಹೆಚ್ಚಾಗಿ ಲೈನಿನಲ್ಲಿರುತ್ತದೆ. ಫೈಬರ್ ಪೆಟ್ಟಿಗೆಯ ಮೇಲೆ ‘ಎಲ್‌ಓಎಸ್’ ದೀಪ ಕೆಂಪಾಗಿದ್ದರೆ ಬೆಳಕು ನಿಮ್ಮ ಮನೆಗೆ ಬರುತ್ತಿಲ್ಲ: ತಂತಿಯನ್ನು ಇಲಿ ಕಡಿದಿರಬಹುದು, ರಸ್ತೆ ಅಗೆದಾಗ ಜೆಸಿಬಿ ಕಿತ್ತಿರಬಹುದು. ಒಳಗಿರುವುದು ಗಾಜಿನ ಎಳೆ, ಮೊಳೆಗೆ ಬಿಗಿಯಾಗಿ ಮಡಚಿ ಸುತ್ತಿದರೆ ಬೆಳಕು ಸೋರುತ್ತದೆ. ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೊಸ ರೂಟರ್‌ನಿಂದ ಇದು ಸರಿಹೋಗುವುದಿಲ್ಲ.

ಪಕ್ಕದಲ್ಲಿ ಚೆನ್ನಾಗಿದ್ದು ಕೊಟ್ಟಿಗೆಯಲ್ಲಿ ಸಿಗದಿದ್ದರೆ ಅದು ಮನೆಯೊಳಗಿನ ಕಥೆ. ನಮ್ಮ ಹಾವೇರಿ, ರಾಣೆಬೆನ್ನೂರು ಕಡೆಯ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ಸಿಗ್ನಲ್ ನುಂಗುತ್ತದೆ, ತಗಡು ಮತ್ತು ಕಬ್ಬಿಣದ ತಿಜೋರಿ ತಡೆದು ಹಿಂದಕ್ಕೆ ಕಳಿಸುತ್ತವೆ. ಎಷ್ಟೋ ಮನೆಗಳಲ್ಲಿ ರೂಟರ್ ಟಿವಿಯ ಹಿಂದೆ, ಶೋಕೇಸಿನೊಳಗೆ, ದೇವರ ಫೋಟೊ ಪಕ್ಕ ಅಲಂಕಾರಕ್ಕೆ ಕೂತಿರುತ್ತದೆ. ಅದನ್ನು ಮನೆಯ ನಡುವೆ, ಆಳೆತ್ತರದಲ್ಲಿ, ತೆರೆದ ಜಾಗದಲ್ಲಿಡಿ. ಖರ್ಚಿಲ್ಲದ ರಿಪೇರಿ ಇದು.

ಹೊಸದು ಕೊಳ್ಳಲೇಬೇಕಾದರೆ ‘ಡ್ಯುಯಲ್ ಬ್ಯಾಂಡ್’ ಇದೆಯೇ ಕೇಳಿ. 2.4 ಗಿಗಾಹರ್ಟ್ಜ್ ಅಲೆ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಜ್ ವೇಗವಾಗಿದೆ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ದಣಿಯುತ್ತದೆ. ಕೊಟ್ಟಿಗೆಯಲ್ಲಿ ಬೇಕಿರುವುದು 2.4. ಹಳೆಯ ರೂಟರ್‌ನ ಪೋರ್ಟ್ 100 ಎಂಬಿಪಿಎಸ್‌ನದಾಗಿದ್ದು, ನಿಮ್ಮ ಪ್ಲಾನ್ 40 ಅಥವಾ 60 ಆಗಿದ್ದರೆ ಆ ಪೋರ್ಟ್ ಸಾಕು.

ಅಂಗಡಿಯವರು ರಿಪೀಟರ್ ತೋರಿಸುತ್ತಾರೆ. ಅಗ್ಗದ ರಿಪೀಟರ್ ಕೇಳುವುದೂ ಅದೇ ಅಲೆಯಲ್ಲಿ, ಹೇಳುವುದೂ ಅದೇ ಅಲೆಯಲ್ಲಿ. ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ನನ್ನನ್ನು ಕೇಳಿದರೆ ಕೊಟ್ಟಿಗೆಯವರೆಗೆ ಹೊರಾಂಗಣದ ಕ್ಯಾಟ್ 6 ಕೇಬಲ್ ಎಳೆದು, ತುದಿಗೆ ಹಳೆಯ ರೂಟರನ್ನೇ ‘ಆ್ಯಕ್ಸೆಸ್ ಪಾಯಿಂಟ್’ ಮಾಡಿಸುವುದೇ ಮೇಲು. 100 ಮೀಟರ್‌ವರೆಗೆ ತೊಂದರೆಯಿಲ್ಲ. ಕೇಬಲನ್ನು ಪೈಪಿನೊಳಗೆ ಹಾಕಿಸಿ, ಇಲ್ಲದಿದ್ದರೆ ಕರು ಜಗಿಯುತ್ತದೆ. ಕರೆಂಟ್ ವೈರ್ ಜೊತೆ ಒಂದೇ ಪೈಪಿನಲ್ಲಿ ಬೇಡ.

ಕರೆಂಟ್ ಹೋದಾಗಲೂ ನೆಟ್ ಬೇಕೆಂದರೆ ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಬೇಕು. ಅಂಗಡಿಗೆ ಹೋಗುವಾಗ ಎರಡರ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ಫೋಟೊ ತೆಗೆದುಕೊಂಡು ಹೋಗಿ.