ಗ್ಯಾರಂಟಿ ಕೇಳುವ ಊರಿನಲ್ಲೊಂದು ಭಾನುವಾರ

ಬೆಳಿಗ್ಗೆ ಒಂಬತ್ತೂವರೆ. ಮನೆಗೆ ಬೀಗ ಹಾಕಿ ಬೀದಿಗಿಳಿದರೆ ಮೊದಲು ಬರುವುದು ಸೀನು. ಅಕ್ಟೋಬರ್ ಬಂತೆಂದರೆ ಉರುಗ್ವೆಯ ಮೊಂತೆವಿದೇಯೊ ನಗರದ ಸಾಲುಮರಗಳು ಹತ್ತಿಯ ನವಿರಿನಂಥ ಧೂಳು ಉದುರಿಸುತ್ತವೆ. ಇಲ್ಲಿಗೀಗ ವಸಂತ. ಬೆಂಗಳೂರಿನಲ್ಲಿ ಸಂಜೆ ಆರು ಗಂಟೆ, ಅಮ್ಮ ದೇವರ ಮುಂದೆ ದೀಪ ಹಚ್ಚುವ ಹೊತ್ತು. ನಡುವೆ ಎಂಟೂವರೆ ತಾಸಿನ ಅಂತರ, ಋತುವೂ ತಲೆಕೆಳಗು.

ಉರುಗ್ವೆ ದೇಶದ ಜನಸಂಖ್ಯೆ ಸುಮಾರು 35 ಲಕ್ಷ. ನಮ್ಮ ಬೆಂಗಳೂರಿನ ಒಂದು ಮೂಲೆಗೂ ಸಾಲದು. ದನಗಳು ಮಾತ್ರ ಒಂದು ಕೋಟಿ 20 ಲಕ್ಷದಷ್ಟಿವೆ. 2002ರಲ್ಲಿ ಟಿ.ಸಿ.ಎಸ್. ಕಂಪನಿ ಇಲ್ಲಿ ಕಚೇರಿ ತೆರೆದ ಮೇಲೆ ಕಂಪ್ಯೂಟರ್ ಕೆಲಸದ ಭಾರತೀಯರು ಬಂದು ಹೋಗಿ ಮಾಡುತ್ತಿದ್ದಾರೆ. ನಾನು ಬೇರೊಂದು ಸಣ್ಣ ಕಂಪನಿಯ ದಾರಿ ಹಿಡಿದು ಬಂದೆ. ಬಂದದ್ದು 2023ರ ಮೇ ತಿಂಗಳಲ್ಲಿ. ಕರ್ನಾಟಕದಲ್ಲಿ ಚುನಾವಣೆ ಮುಗಿದು ಗಲ್ಲಿಗಲ್ಲಿಯಲ್ಲೂ ‘ಗ್ಯಾರಂಟಿ’ಯದೇ ಮಾತು. ಇಲ್ಲಿ ವಿಮಾನ ಇಳಿದು ಬಾಡಿಗೆ ಮನೆ ಹುಡುಕಲು ಹೊರಟರೆ ಕಿವಿಗೆ ಬಿದ್ದದ್ದೂ ಅದೇ: ‘ಗರಂತಿಯಾ ಇದೆಯಾ?’ ಅಲ್ಲಿ ಸರ್ಕಾರ ನಮಗೆ ಗ್ಯಾರಂಟಿ ಕೊಡುತ್ತೇನೆ ಅನ್ನುತ್ತಿತ್ತು, ಇಲ್ಲಿ ನನ್ನನ್ನೇ ಗ್ಯಾರಂಟಿ ಕೊಡು ಅನ್ನುತ್ತಿದ್ದರು.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟ ಧೈರ್ಯದಲ್ಲಿ, ‘ಅಡ್ವಾನ್ಸ್ ಕೊಡುತ್ತೇನೆ’ ಅಂದೆ. ಏಜೆಂಟ್ ತಲೆಯಾಡಿಸಿಬಿಟ್ಟ. ನೋಟಿನ ಕಟ್ಟಿಗೆ ಇಲ್ಲಿ ಬೆಲೆಯಿಲ್ಲ. ನಿನ್ನ ಬೆನ್ನಿಗೆ ಯಾರಿದ್ದಾರೆ, ಅದನ್ನು ಹೇಳು. ಸಂಬಳದಿಂದಲೇ ಬಾಡಿಗೆ ಮುರಿದುಕೊಳ್ಳುವ ಸರ್ಕಾರಿ ಏರ್ಪಾಡಿದೆ, ಜಾಮೀನು ನಿಲ್ಲುವ ಸಂಸ್ಥೆಗಳಿವೆ. ಎರಡೂ ಕೇಳುವುದು ಈ ದೇಶದಲ್ಲಿ ದುಡಿದ ದಾಖಲೆ. ನಿನ್ನೆ ಇಳಿದವನ ಹತ್ತಿರ ಅದೆಲ್ಲಿಂದ ಬರಬೇಕು? ಉಳಿದದ್ದು ಮೂರನೆಯ ದಾರಿ: ಸರ್ಕಾರಿ ಬ್ಯಾಂಕಿನಲ್ಲಿ ಕೆಲವು ತಿಂಗಳ ಬಾಡಿಗೆಯನ್ನು ಠೇವಣಿ ಇಡುವುದು. ಅದನ್ನು ಒಪ್ಪುವ ಮಾಲೀಕರು ಸಿಗುವವರೆಗೆ ಆರು ವಾರ ಹಳೇ ಪೇಟೆಯ ಒಂದು ‘ಪೆನ್ಸಿಯೋನ್’ನಲ್ಲಿದ್ದೆ. ಒಂದೇ ಅಡುಗೆಮನೆ, ಹದಿಮೂರು ಕೋಣೆ. ಪಕ್ಕದಲ್ಲಿ ಕ್ಯೂಬಾದವರು, ಎದುರಿಗೆ ವೆನೆಜುವೆಲಾದ ಒಂದು ಕುಟುಂಬ. ಎಲ್ಲರ ಬಾಯಲ್ಲೂ ಅದೇ ಒಂದು ಪದ.

ಸಾಲದ್ದಕ್ಕೆ ಆ ವರ್ಷ ಭೀಕರ ಬರ. ಊರಿಗೆ ನೀರು ಕೊಡುವ ಪಾಸೊ ಸೆವೆರಿನೊ ಜಲಾಶಯ ತಳ ಕಂಡು, ನದಿಯ ಅಳಿವೆಯ ಉಪ್ಪುನೀರನ್ನು ಬೆರೆಸಿ ನಲ್ಲಿಗೆ ಬಿಟ್ಟರು. ಚಿಕ್ಕಮಗಳೂರಿನಿಂದ ಹೊತ್ತು ತಂದ ಪುಡಿಯಲ್ಲಿ ಮೊದಲ ಡಿಕಾಕ್ಷನ್ ಇಳಿಸಿದ ದಿನ ನೆನಪಿದೆ: ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿದೆನೋ ಎಂದು ಡಬ್ಬಿ ತೆಗೆದು ನೋಡಿದ್ದೆ. ಆಗಸ್ಟ್‌ನಲ್ಲಿ ಮಳೆ ಬಂದ ಮೇಲೆ ನಾಲಿಗೆಗೆ ಸಮಾಧಾನವಾಯಿತು.

ಇರಲಿ, ಈ ಭಾನುವಾರ ಹೊರಟದ್ದು ಸಂತೆಗೆ, ಅಲ್ಲಿಗೆ ಹೋಗೋಣ.

ಮನೆಯಿಂದ ಐದು ನಿಮಿಷ ನಡೆದರೆ ‘18 ದೆ ಹುಲಿಯೊ’ ಎಂಬ ಹೆದ್ದಾರಿಯಂಥ ಬೀದಿ. 1830ರ ಜುಲೈ 18ರಂದು ಉರುಗ್ವೆ ತನ್ನ ಮೊದಲ ಸಂವಿಧಾನಕ್ಕೆ ಪ್ರಮಾಣ ಮಾಡಿದ ನೆನಪಿಗೆ ಆ ಹೆಸರು. ಅದಕ್ಕೆ ಅಡ್ಡಲಾಗಿ ಇಳಿಯುವುದು ತ್ರಿಸ್ತಾನ್ ನಾರ್ವಾಹಾ ಬೀದಿ. 1868ರ ನಾಗರಿಕ ಸಂಹಿತೆಯನ್ನು ಬರೆದ ನ್ಯಾಯವಾದಿಯ ಹೆಸರದು. ಕಾನೂನು ಪಂಡಿತನ ಹೆಸರಿನ ಈ ಬೀದಿಯಲ್ಲಿ ಭಾನುವಾರ ಯಾವ ಕಾನೂನೂ ಕಾಣದು. ತುಕ್ಕು ಹಿಡಿದ ಬೀಗ, ಕೈಯಿಲ್ಲದ ಗೊಂಬೆ, ಹಳೇ ಗ್ರಾಮಾಫೋನ್ ತಟ್ಟೆ, ಪಂಜರದ ಗಿಳಿ, ಎಮ್ಮೆಯಷ್ಟು ತೂಗುವ ಹೊಲಿಗೆ ಯಂತ್ರ, ಪಕ್ಕದಲ್ಲೇ ಸ್ಟ್ರಾಬೆರಿ ರಾಶಿ. ನಮ್ಮ ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋದವರಿಗೆ ಇದರ ನಾಡಿ ತಟ್ಟನೆ ಸಿಗುತ್ತದೆ. ಒಂದೇ ವ್ಯತ್ಯಾಸ, ಯಾರೂ ಕೂಗುವುದಿಲ್ಲ. ಮಾರುವವರು ಕುರ್ಚಿಯಲ್ಲಿ ಒರಗಿ ‘ಮಾತೆ’ ಎಂಬ ಎಲೆಪಾನೀಯ ಹೀರುತ್ತಾ ಕೂತಿರುತ್ತಾರೆ.

ನಾನು ತರಕಾರಿ ಕೊಳ್ಳುವ ಮುದುಕಿಯ ಅಂಗಡಿ ಸಂತೆಯ ಕೆಳತುದಿಯಲ್ಲಿದೆ. ಆಪ್ ನೋಡಿ ಕಲಿತ ಸ್ಪ್ಯಾನಿಷ್ ಇವಳೆದುರು ಮೊದಲ ದಿನವೇ ಮುಗ್ಗರಿಸಿತು. ಬೀದಿಗೆ ನಾನು ‘ಕಾಯೆ’ ಅಂದರೆ ಇವರು ‘ಕಾಶೆ’ ಅನ್ನುತ್ತಾರೆ. ‘ನಾನು’ ಅನ್ನುವ ‘ಯೊ’ ಇಲ್ಲಿ ‘ಶೊ’. ಮಾತು ಮುಗಿದರೆ, ಒಪ್ಪಿದರೆ, ಬೇಸರವಾದರೆ, ಎಲ್ಲಕ್ಕೂ ಒಂದೇ ಅಕ್ಷರ: ‘ತಾ’. ನಮ್ಮ ‘ಆಯ್ತು’ ಇದ್ದ ಹಾಗೆ. ಕಳೆದ ಚಳಿಗಾಲದಲ್ಲಿ ಪರ್ಸು ಮರೆತು ಬಂದಿದ್ದೆ. ಬುಟ್ಟಿ ವಾಪಸ್ ಇಡಹೋದರೆ ಅವಳು ಕೈ ತಡೆದು, ಕಿವಿಯ ಸಂದಿನ ಪೆನ್ಸಿಲ್ ತೆಗೆದು ರಟ್ಟಿನ ಮೇಲೆ ಗೀಚಿದಳು: ‘ಎಲ್ ಇಂದೂ, 340’. ಇಲ್ಲಿ ಭಾರತದವರೆಲ್ಲ ‘ಇಂದೂ’. ಆರು ವಾರ ಕಾಯಿಸಿದ ಗರಂತಿಯಾವನ್ನು ಈಕೆ ಒಂದು ಪೆನ್ಸಿಲ್ ಗೆರೆಯಲ್ಲಿ ಕೊಟ್ಟಳು.

ಮಧ್ಯಾಹ್ನದ ಊಟ ಸಸ್ಯಾಹಾರಿಗಳಿಗೆ ಇಲ್ಲಿ ತಲೆನೋವೇ. ‘ಚಿವಿತೊ’ ಎಂದರೆ ಮೇಕೆಮರಿ, ತಟ್ಟೆಯಲ್ಲಿ ಬರುವುದು ಗೋಮಾಂಸದ ಸ್ಯಾಂಡ್‌ವಿಚ್. ನನ್ನನ್ನು ಕಾಪಾಡಿದ್ದು ‘ಫೈನಾ’. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ದೊಡ್ಡ ತಟ್ಟೆಯಲ್ಲಿ ಹೊಯ್ದು ಒಲೆಯೊಳಗೆ ಬೇಯಿಸುವ ತೆಳು ರೊಟ್ಟಿ. ಇಟಲಿಯ ಜಿನೋವಾದಿಂದ ವಲಸೆ ಬಂದವರು ತಂದದ್ದು. ಪಿಜ್ಜಾದ ಜೊತೆ, ಮೇಲೆ ಬಿಳಿ ಮೆಣಸಿನಪುಡಿ ಉದುರಿಸಿ ತಿನ್ನುತ್ತಾರೆ. ‘ಒರಿಶೊ’ ಕೇಳಿ ಪಡೆಯಬೇಕು: ತಟ್ಟೆಯ ಅಂಚಿನ ಗರಿಗರಿ ತುಂಡು. ದೋಸೆಯ ಅಂಚಿಗೆ ಜಗಳಾಡಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

‘18 ದೆ ಹುಲಿಯೊ’ ಬೀದಿ ಪಶ್ಚಿಮಕ್ಕೆ ಸಾಗಿ ಮುಗಿಯುವಲ್ಲಿ ಸ್ವಾತಂತ್ರ್ಯ ಚೌಕ, ಪ್ಲಾಸಾ ಇಂದೆಪೆಂದೆನ್ಸಿಯಾ. ಮೂಲೆಯಲ್ಲಿ 1928ರ ಪಲಾಸಿಯೊ ಸಾಲ್ವೊ, ಬುರುಜುಗಳ ಮೇಲೆ ಬುರುಜು ಹೊತ್ತ ವಿಚಿತ್ರ ಗೋಪುರ. ನಡುವೆ ರಾಷ್ಟ್ರನಾಯಕ ಆರ್ತಿಗಾಸ್ ಕುದುರೆ ಏರಿ ನಿಂತಿದ್ದಾನೆ. ಪ್ರತಿಮೆಯ ಕೆಳಗೆ ಮೆಟ್ಟಿಲಿಳಿದರೆ ಕಪ್ಪು ಕಲ್ಲಿನ ನೆಲಮಾಳಿಗೆ, ಮಬ್ಬು ಬೆಳಕು, ಅಸ್ಥಿಪಾತ್ರೆಯ ಇಬ್ಬದಿ ಅಲುಗಾಡದ ಕಾವಲುಗಾರರು. ಈ ದೇಶದ ಪಿತಾಮಹ ತನ್ನ ಕೊನೆಯ 30 ವರ್ಷ ಕಳೆದದ್ದು ಪರಾಗ್ವೆಯಲ್ಲಿ. 1820ರಲ್ಲಿ ಗಡಿ ದಾಟಿದವನು 1850ರಲ್ಲಿ ಅಲ್ಲೇ ತೀರಿಕೊಂಡ. ಪರದೇಶವಾಸಿಯನ್ನೇ ಊರ ನಡುವೆ ಇಟ್ಟು ಪೂಜಿಸುವ ಜನ ನನಗೂ ಒಂದು ಮೂಲೆ ಕೊಟ್ಟಾರು ಎಂದು ಮೊದಲ ವರ್ಷ ಇಲ್ಲಿ ನಿಂತು ಸಮಾಧಾನಪಟ್ಟಿದ್ದೆ.

ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ರಾಂಬ್ಲಾ, ಸುಮಾರು 22 ಕಿಲೋಮೀಟರ್ ಉದ್ದದ ದಂಡೆರಸ್ತೆ. ಎದುರಿಗಿರುವುದು ರಿಯೊ ದೆ ಲಾ ಪ್ಲಾತಾ ನದಿಯ ಅಳಿವೆ. ಆಚೆ ದಡ ಕಾಣದ್ದರಿಂದ ಊರವರ ಪಾಲಿಗೆ ಸಮುದ್ರವೇ. ಒಂದು ದಿನ ಹಸಿರು, ಮರುದಿನ ಕೆಮ್ಮಣ್ಣಿನ ಬಣ್ಣ. ಬಸ್ಸು ಹಿಡಿದು ಪುಂತಾ ಕರೆತಾಸ್ ಬಡಾವಣೆಗೆ ಬಂದೆ. ಇಲ್ಲಿನ ದೊಡ್ಡ ಮಾಲ್ ಹಿಂದೆ ಜೈಲಾಗಿತ್ತು. 1971ರಲ್ಲಿ ಸುರಂಗ ಕೊರೆದು ನೂರಕ್ಕೂ ಹೆಚ್ಚು ಕೈದಿಗಳು ಪರಾರಿಯಾದರು. ಅವರಲ್ಲೊಬ್ಬ ಹೋಸೆ ಮುಹಿಕಾ ಮುಂದೆ ದೇಶದ ಅಧ್ಯಕ್ಷನಾದ. ಮಾಲಿನಿಂದ ದಂಡೆಗಿಳಿದರೆ ರಸ್ತೆಯ ಹೆಸರಿನ ಫಲಕ: ರಾಂಬ್ಲಾ ಮಹಾತ್ಮ ಗಾಂಧಿ. ಅಜ್ಜನ ಪ್ರತಿಮೆಯೂ ಇದೆ. ಎಂ.ಜಿ. ರೋಡ್ ಇಲ್ಲಿಗೂ ಬಂದಿದೆ ಎಂದು ಮನೆಗೆ ಫೋಟೊ ಕಳಿಸಿದ್ದೆ.

ಮಾತೆ ಕುಡಿಯಲು ಕಲಿತದ್ದು ಈ ದಂಡೆಯ ಕಟ್ಟೆಯ ಮೇಲೆ. ಒಣಗಿಸಿದ ಸೋರೆಬುರುಡೆ, ಅದರ ತುಂಬ ಯೆರ್ಬಾ ಎಲೆಯ ಪುಡಿ, ಲೋಹದ ಕೊಳವೆ, ಕಂಕುಳಲ್ಲಿ ಬಿಸಿನೀರಿನ ಥರ್ಮಾಸ್. ಎಲೆ ಇಲ್ಲಿ ಬೆಳೆಯುವುದು ಕಡಿಮೆ, ಹೆಚ್ಚಿನದು ಬ್ರೆಜಿಲ್‌ನಿಂದ ಬರುತ್ತದೆ. ಕುಡಿಯುವುದರಲ್ಲಿ ಮಾತ್ರ ಇವರನ್ನು ಮೀರಿಸುವವರಿಲ್ಲ. ಒಬ್ಬರು ನೀರು ಹೊಯ್ಯುತ್ತಾರೆ, ಬುರುಡೆ ಸುತ್ತು ಹೋಗುತ್ತದೆ, ಕೊಳವೆ ಎಲ್ಲರಿಗೂ ಒಂದೇ. ಎಂಜಲಿನ ಅಳುಕು ನುಂಗಿಕೊಂಡು ಮೊದಲ ಸಲ ಹೀರಿ, ಮರ್ಯಾದೆಗೆಂದು ‘ಗ್ರಾಸಿಯಾಸ್’ ಅಂದೆ. ಮುಂದಿನ ಸುತ್ತಿನಲ್ಲಿ ಬುರುಡೆ ನನ್ನನ್ನು ದಾಟಿ ಹೋಯಿತು. ಅದರ ಮುಂದಿನ ಸುತ್ತಿನಲ್ಲೂ. ಮಾತೆ ಕೂಟದಲ್ಲಿ ‘ಧನ್ಯವಾದ’ ಎಂದರೆ ‘ನನಗೆ ಸಾಕು’ ಎಂದರ್ಥ. ಥ್ಯಾಂಕ್ಸ್ ಹೇಳದಿದ್ದರೇ ನೀವು ಕೂಟದವರು.

ಸಂಜೆ ಮರಳುವ ದಾರಿಯಲ್ಲಿ ಬಾರಿಯೊ ಸುರ್ ಬಡಾವಣೆ. ಬೀದಿ ಮಧ್ಯೆ ರಟ್ಟು, ಕಟ್ಟಿಗೆ ಸುಟ್ಟು ಬೆಂಕಿ ಮಾಡಿ ಸುತ್ತ ಡೋಲುಗಳನ್ನು ಒರಗಿಸಿದ್ದರು. ಚರ್ಮ ಬಿಗಿಯಬೇಕಲ್ಲ. ನಮ್ಮೂರ ಹಬ್ಬದಲ್ಲಿ ತಮಟೆ ಕಾಯಿಸುವುದನ್ನು ನೋಡಿದ್ದವನಿಗೆ ಕಾಲು ಅಲ್ಲೇ ನಿಂತಿತು. ಚೀಕೊ, ರೆಪೀಕೆ, ಪಿಯಾನೊ, ಈ ಮೂರು ಬಗೆಯ ಡೋಲುಗಳ ಮೆರವಣಿಗೆಯ ಸಂಗೀತಕ್ಕೆ ‘ಕಂದೊಂಬೆ’ ಎಂದು ಹೆಸರು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಕೊಡುಗೆ. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಯಾವ ಜಾಮೀನೂ ಇಲ್ಲದೆ, ಸರಪಳಿಯಲ್ಲಿ ಬಂದವರ ತಾಳಕ್ಕೆ ಇವತ್ತು ಇಡೀ ಊರು ಹೆಜ್ಜೆ ಹಾಕುತ್ತದೆ. ನಾಲ್ಕು ಬೀದಿ ಹಿಂದೆ ಹಿಂದೆ ನಡೆದೆ.

ಬರುವವರಿಗೆ ಎರಡು ಮಾತು. ಭಾರತದಿಂದ ನೇರ ವಿಮಾನವಿಲ್ಲ. ಸಾವೊ ಪಾವ್ಲೊ ಅಥವಾ ಮ್ಯಾಡ್ರಿಡ್ ಮೇಲೆ ಬರಬಹುದು. ನೆಲೆಸಲು ಬರುವವರು ಜನನ ಪ್ರಮಾಣಪತ್ರಕ್ಕೆ, ಪೊಲೀಸ್ ಪತ್ರಕ್ಕೆ ಅಪೊಸ್ಟೀಲ್ ಮುದ್ರೆ ಊರಲ್ಲೇ ಹಾಕಿಸಿಕೊಳ್ಳಿ. ವಾಸದ ಅರ್ಜಿ ವಿಚಾರಣೆಯಲ್ಲಿರುವಾಗಲೂ ‘ಸೆದುಲಾ’ ಎಂಬ ಗುರುತಿನ ಚೀಟಿ ಸಿಗುತ್ತದೆ. ಬಾಡಿಗೆ ಠೇವಣಿಯ ದುಡ್ಡು ಬೇರೆಯೇ ತೆಗೆದಿಡಿ. ಉಳಿದ ಗ್ಯಾರಂಟಿಯನ್ನು ಊರೇ ಕೊಡುತ್ತದೆ, ನಿಧಾನವಾಗಿ. ಭಾನುವಾರದ ಸಂತೆ ಮಧ್ಯಾಹ್ನ ಮೂರರ ಹೊತ್ತಿಗೆ ಎದ್ದುಬಿಡುತ್ತದೆ, ಬೆಳಿಗ್ಗೆಯೇ ಹೋಗಿ.