ಕಣ್ಣಿದ್ದೂ ಕಾಣದ ಕೂಸುಗಳು

ಮಗುವಿನ ಕಣ್ಣಿನಲ್ಲಿ ದೋಷವಿಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆಯೂ ಅದು ತಾಯಿಯ ಮುಖವನ್ನು ಗುರುತಿಸಲೊಲ್ಲದು. ಮುಂದಿಟ್ಟ ಆಟಿಗೆಯನ್ನು ಬಿಟ್ಟು ದೀಪವನ್ನೇ ನೋಡುತ್ತಿರುವದು. ಹಿರಿಯರು ಇದನ್ನು ಮಂದಬುದ್ಧಿಯೆಂದೋ ಹಟವೆಂದೋ ಬಗೆಯುವರು. ನಿಜಸ್ಥಿತಿಯೇ ಬೇರೆ. ಕಣ್ಣು ತಂದ ವಾರ್ತೆಯನ್ನು ಓದಿಕೊಳ್ಳಬೇಕಾದ ಮೆದುಳಿಗೆ ಪೆಟ್ಟು ತಗಲಿರುವದು. ಅವಧಿಗೆ ಮುಂಚೆ ಹುಟ್ಟುವದು, ಹೆರಿಗೆಯಲ್ಲಿ ಪ್ರಾಣವಾಯು ಸಾಲದಾಗುವದು, ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದೊಳಗಿನ ಸಕ್ಕರೆ ತೀರ ಇಳಿಯುವದು, ಇವು ಇದರ ಮುಖ್ಯ ಕಾರಣಗಳು. ಶ್ರೀಮಂತ ರಾಷ್ಟ್ರಗಳಲ್ಲಿ ಮಕ್ಕಳ ದೃಷ್ಟಿಮಾಂದ್ಯದ ಕಾರಣಗಳಲ್ಲಿ ಇಂದು ಇದಕ್ಕೆ ಅಗ್ರಸ್ಥಾನ.

ಇಂಥ ಕುರುಡು ಬಹುಮಟ್ಟಿಗೆ ಪೂರ್ಣ ಕತ್ತಲೆಯಲ್ಲ. ಮೊದಲನೆಯ ಮಹಾಯುದ್ಧದಲ್ಲಿ ತಲೆಯ ಹಿಂಬದಿಗೆ ಗಾಯವಾದ ಸೈನಿಕರನ್ನು ಪರೀಕ್ಷಿಸಿದ ಬ್ರಿಟಿಶ್ ವೈದ್ಯ ಜಾರ್ಜ್ ರಿಡೊಕ್, ನಿಂತ ವಸ್ತುವನ್ನು ಕಾಣಲಾರದವರಲ್ಲಿ ಕೆಲವರು ಚಲಿಸುವದನ್ನು ಅರಿಯಬಲ್ಲರೆಂದು 1917ರಲ್ಲಿಯೇ ಬರೆದಿಟ್ಟನು. ಈ ಮಕ್ಕಳಲ್ಲಿಯೂ ಹಲವರ ಗತಿ ಇದೇ. ಸಂತೆಯ ಗದ್ದಲದಲ್ಲಿ ಏನನ್ನೂ ಕಾಣದ ಕೂಸು, ಕರಿಯ ಬಟ್ಟೆಯ ಮೇಲೆ ಉರುಳುವ ಒಂದೇ ಒಂದು ಕೆಂಪು ಚೆಂಡನ್ನು ನೋಟದಿಂದ ಹಿಂಬಾಲಿಸೀತು.

ಆಟದ ಚಿಕಿತ್ಸೆ ಹೊರಡುವದು ಇಲ್ಲಿಂದಲೇ. ಟ್ಯಾಬ್ಲೆಟ್ ಯಂತ್ರದ ಕರಿಯ ಪರದೆಯ ಮೇಲೆ ಬಣ್ಣದ ಗುಳ್ಳೆಯೊಂದು ತೇಲಿಬರುವದು. ಮಗು ಮುಟ್ಟಿದೊಡನೆ ಸಪ್ಪಳಮಾಡಿ ಒಡೆಯುವದು. ಕಂಡದ್ದಕ್ಕೆ ಕೂಡಲೇ ಫಲ ದೊರೆತ ಮಗು ಮತ್ತೆ ನೋಡಲೆಳಸುವದು. ಬರಬರುತ್ತ ಗುಳ್ಳೆಯನ್ನು ಸಣ್ಣದು ಮಾಡಿ, ಚಲನೆಯನ್ನು ತಗ್ಗಿಸಿ, ಹಿನ್ನೆಲೆಯಲ್ಲಿ ಚಿತ್ರಗಳನ್ನು ಸೇರಿಸುವರು. ಎಳೆಯ ಮೆದುಳು ಬಳಕೆಯಿಂದ ಹೊಸ ದಾರಿಗಳನ್ನು ಕಟ್ಟಿಕೊಳ್ಳುವದೆಂಬುದೇ ಇದರ ಆಧಾರ. ದೊಡ್ಡ ಪ್ರಮಾಣದ ಪ್ರಯೋಗಗಳು ಇನ್ನೂ ವಿರಳವಾಗಿರುವದರಿಂದ, ಪವಾಡವನ್ನು ಮಾರಬಂದವರನ್ನು ನಂಬದಿರಲು ತಂದೆತಾಯಿಗಳನ್ನು ಎಚ್ಚರಿಸುವೆವು. ಯಂತ್ರವಿಲ್ಲದ ಮನೆಯಲ್ಲಿ ಬೆಳಗಿದ ಹಿತ್ತಾಳೆಯ ಬಟ್ಟಲೂ ಆಟಿಗೆಯಾದೀತು. ಬೇಕಾದದ್ದು ಸದ್ದಿಲ್ಲದ ಒಂದು ಮೂಲೆ, ಮತ್ತು ಮಗು ನೋಡುವವರೆಗೆ ಕಾಯುವ ತಾಳ್ಮೆ. ಈ ಎರಡನೆಯದು ಯಾವ ಅಂಗಡಿಯಲ್ಲಿಯೂ ದೊರೆಯದು.

ಇನ್ನು ಸರಕಾರದ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ದೃಷ್ಟಿದೋಷವನ್ನು ಎರಡೇ ಮಾನಗಳಿಂದ ಅಳೆಯುವದು: ನೋಟದ ತೀಕ್ಷ್ಣತೆ, ನೋಟದ ಹರವು. ಫಲಕದ ಮೇಲಿನ ಬಿಡಿ ಅಕ್ಷರವನ್ನು ಓದಬಲ್ಲ, ಆದರೆ ತುಂಬಿದ ಪುಟದಲ್ಲಿ ದಾರಿ ತಪ್ಪುವ ಹುಡುಗನಿಗೆ ಈ ಅಳತೆಗೋಲಿನಲ್ಲಿ ಎಡೆಯೆಲ್ಲಿ? ಅವನ ಕುಂದು ಸುಳ್ಳೇ? ಪ್ರಮಾಣಪತ್ರ ಕೊಡುವ ವೈದ್ಯರು, ಗದ್ದಲದ ನಡುವೆ ಮಗು ಏನನ್ನು ಕಾಣುವದೆಂಬುದನ್ನೂ ಬರೆದುಕೊಳ್ಳುವಂತೆ ನಿಯಮವನ್ನು ತಿದ್ದಬೇಕು. ನವಜಾತ ಶಿಶುಗಳ ತೀವ್ರ ಚಿಕಿತ್ಸೆಯ ವಾರ್ಡಿನಿಂದ ಬದುಕಿ ಮನೆಗೆ ಹೋದ ಪ್ರತಿಯೊಂದು ಕೂಸನ್ನೂ ವರ್ಷದೊಳಗೆ ಮರಳಿ ಕರೆಯಿಸಿ, ಅದರ ಕಣ್ಣಿನ ಜೊತೆಗೆ ನೋಟವನ್ನೂ ಪರೀಕ್ಷಿಸುವ ಏರ್ಪಾಡು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಆಗಬೇಕು.