ಕಾಮಗಾರಿ ನಿಲ್ಲುವುದು ಎಲ್ಲಿ?

ಪಾವಗಡ ತಾಲ್ಲೂಕಿನ ಜನ ಎರಡು ದೊಡ್ಡ ಕಾಮಗಾರಿಗಳನ್ನು ಕಂಡಿದ್ದಾರೆ. ಒಂದು ತುಮಕೂರು–ರಾಯದುರ್ಗ ರೈಲು ಮಾರ್ಗ. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾದು ಹೋಗಬೇಕಾದ, ಸುಮಾರು 207 ಕಿಲೋಮೀಟರ್ ಉದ್ದದ ಈ ಮಾರ್ಗಕ್ಕೆ 2007–08ರಲ್ಲಿ ಮಂಜೂರಾತಿ ದೊರೆಯಿತು. ಇನ್ನೊಂದು ತಿರುಮಣಿಯ ಸುತ್ತಲಿನ ಸೌರ ವಿದ್ಯುತ್ ಪಾರ್ಕ್. ಅದನ್ನು ಕಟ್ಟುವುದಕ್ಕೆಂದೇ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದು 2015ರ ಮಾರ್ಚ್‌ನಲ್ಲಿ, ಅಂದರೆ ರೈಲಿಗಿಂತ ಎಷ್ಟೋ ವರ್ಷ ತಡವಾಗಿ. ಆದರೂ 2019ರ ಡಿಸೆಂಬರ್ ವೇಳೆಗೆ ಪಾರ್ಕಿನ 2,050 ಮೆಗಾವ್ಯಾಟ್ ಪೂರ್ತಿಯಾಗಿ ಚಾಲನೆಗೆ ಬಂದಿತ್ತು. 2024ನೇ ಇಸವಿಯಲ್ಲೂ ತುಮಕೂರಿನಲ್ಲಿ ರೈಲು ಹತ್ತಿ ಪಾವಗಡದಲ್ಲಿ ಇಳಿಯುವಂತಿರಲಿಲ್ಲ.

ಹಾಗಾದರೆ ಪಾರ್ಕಿನ ಎಂಜಿನಿಯರುಗಳು ಜಾಣರು, ರೈಲ್ವೆಯವರು ದಡ್ಡರು ಎನ್ನೋಣವೇ? ಹಾಗೆ ಹೇಳಿ ಮುಗಿಸಿದರೆ ನಾವು ಏನನ್ನೂ ಕಲಿತಂತಾಗುವುದಿಲ್ಲ. ಒಂದು ಕಾಮಗಾರಿ ಯಾವ ಹಂತದಲ್ಲಿ, ಯಾವುದಕ್ಕಾಗಿ ಕಾಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ತಿಳಿಯುವ ವಿದ್ಯೆಯೊಂದಿದೆ. ಕಾಮಗಾರಿ ನಿರ್ವಹಣೆ ಎಂದು ಅದನ್ನು ಕರೆಯುತ್ತಾರೆ. ಒಂದು ಕಾಗದ, ಪೆನ್ಸಿಲ್ ತೆಗೆದುಕೊಂಡು ಕುಳಿತುಕೊಳ್ಳಿ. ಕೂಡುವ ಲೆಕ್ಕ ಬಂದರೆ ಸಾಕು.

ಮಧುಗಿರಿ ಸಮೀಪದ ಒಂದು ಹಳ್ಳಿಯ ಶಾಲೆಗೆ ಎರಡು ಕೋಣೆ ಕಟ್ಟಬೇಕು ಎಂದಿಟ್ಟುಕೊಳ್ಳಿ. ಗುರುತು ಹಾಕಿ ಪಾಯ ತೋಡಲು 6 ದಿನ. ಪಾಯ ಕಟ್ಟಲು 14 ದಿನ. ಗೋಡೆಗೆ 20. ಸೆಂಟ್ರಿಂಗ್ ಹೊಡೆದು, ಕಂಬಿ ಕಟ್ಟಿ, ಮೇಲೆ ಕಾಂಕ್ರೀಟ್ ಹಾಕಲು 10. ಅದಕ್ಕೆ ನೀರುಣಿಸಿ ಸೆಂಟ್ರಿಂಗ್ ಬಿಚ್ಚುವವರೆಗೆ 14. ಒಳಗಿನ ಗಾರೆ ಮತ್ತು ನೆಲಕ್ಕೆ 16. ಕೊನೆಗೆ ಬಾಗಿಲು ಕೂರಿಸಿ ಸುಣ್ಣಬಣ್ಣ ಹೊಡೆಯಲು 10. ಕೂಡಿದರೆ 90 ದಿನ. ಇವೆಲ್ಲ ಒಂದಾದ ಮೇಲೆ ಒಂದು ನಡೆಯಬೇಕಾದ ಕೆಲಸಗಳು. ಗೋಡೆ ಏಳದೆ ತಾರಸಿ ಬೀಳುವುದಿಲ್ಲ.

ಇದರ ಜೊತೆಗೇ ಬೇರೆಡೆ ನಡೆಯುವ ಕೆಲಸಗಳೂ ಇವೆ. ಬಡಗಿ ತನ್ನ ಅಂಗಡಿಯಲ್ಲಿ ಬಾಗಿಲು, ಕಿಟಕಿಯ ರೆಕ್ಕೆಗಳನ್ನು ಮಾಡಲು 25 ದಿನ ಬೇಕು ಎನ್ನೋಣ. ಅವು ಬೇಕಾಗುವುದು 80ನೇ ದಿನ ಕಳೆದ ಮೇಲೆ. ಮೊದಲ ದಿನವೇ ಕೆಲಸ ಹಿಡಿದರೆ ಬಡಗಿಗೆ 55 ದಿನಗಳ ಬಿಡುವು ಇದೆ. ಕಂಬಿ ತರಿಸಲು 15 ದಿನ ಹಿಡಿಯುತ್ತದೆ. ಅದು ಬೇಕಾಗುವುದು 40 ದಿನಗಳ ನಂತರ. ಬಿಡುವು 25 ದಿನ. ಬಡಗಿ ಹತ್ತು ದಿನ ತಡ ಮಾಡಿದರೆ ಶಾಲೆಗೆ ಏನೂ ನಷ್ಟವಿಲ್ಲ. ಗೋಡೆ ಕಟ್ಟುವವರು ಹತ್ತು ದಿನ ತಡ ಮಾಡಿದರೆ ಶಾಲೆ ಆಗುವುದು ನೂರನೇ ದಿನಕ್ಕೆ. ಹೀಗೆ ಒಂದು ದಿನದ ಬಿಡುವೂ ಇಲ್ಲದ ಕೆಲಸಗಳ ಸರಪಳಿಗೆ ನಿರ್ಣಾಯಕ ಪಥ ಎಂದು ಹೆಸರು.

ಇದರಿಂದ ತಿಳಿಯುವುದೇನು? ಬಡಗಿಗೆ ಹೆಚ್ಚು ಹಣ ಕೊಟ್ಟು ಅವಸರಪಡಿಸುವುದು ಬರಿಯ ದಂಡ. ಗೋಡೆಗೆ ಎರಡರಷ್ಟು ಗಾರೆಯವರನ್ನು ಹಚ್ಚಿದರೆ 10 ದಿನ ಉಳಿದೀತು. ಆದರೆ ಪಥದ ಮೇಲಿನ ಎಲ್ಲ ಕೆಲಸಗಳೂ ದುಡ್ಡಿಗೆ ಬಗ್ಗುವುದಿಲ್ಲ. ನಾಲ್ಕೂವರೆ ಮೀಟರಿಗಿಂತ ಅಗಲವಾದ ತಾರಸಿಯ ಊರೆಗಳನ್ನು ಸಾಮಾನ್ಯವಾಗಿ 14 ದಿನವಾದರೂ ತೆಗೆಯಬಾರದು ಎಂದು ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 456 ಹೇಳುತ್ತದೆ. ಮಂತ್ರಿಗಳು ಉದ್ಘಾಟನೆಗೆ ದಿನ ಗೊತ್ತು ಮಾಡಿದ್ದಾರೆಂದು ಸಿಮೆಂಟು ಬೇಗ ಗಟ್ಟಿಯಾಗುವುದಿಲ್ಲ.

ಈ ಲೆಕ್ಕ ಅಷ್ಟೇನೂ ಹಳೆಯದಲ್ಲ. 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ ಇದನ್ನು ರೂಪಿಸಿದರು. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕಾಗಿ ಪರ್ಟ್ ಎಂಬ ಇದೇ ಜಾತಿಯ ಇನ್ನೊಂದು ಪದ್ಧತಿಯನ್ನು ತಂದಿತು. ಪರ್ಟ್‌ನ ವಿಶೇಷವೆಂದರೆ, ಒಂದು ಕೆಲಸಕ್ಕೆ ಒಂದೇ ಅವಧಿಯನ್ನು ನಂಬದೆ ಮೂರು ಅವಧಿಗಳನ್ನು ಕೇಳುವುದು: ಎಲ್ಲ ಸುಸೂತ್ರವಾದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ, ಆರರಿಂದ ಭಾಗಿಸಬೇಕು.

ಈಗ ನಮ್ಮ ಶಾಲೆಯ ಪಟ್ಟಿಗೆ ಮತ್ತೆ ಬನ್ನಿ. ಬೇಕೆಂದೇ ಒಂದು ಸಾಲನ್ನು ಬಿಟ್ಟಿದ್ದೆ. ಪಾಯ ತೋಡುವ ಮೊದಲು ಆ ಜಾಗ ಶಾಲೆಯದೇ ಎಂದು ಖಚಿತವಾಗಬೇಕಲ್ಲವೇ? ಸರ್ವೆ ಆಗಬೇಕು, ಹದ್ದುಬಸ್ತು ಮಾಡಬೇಕು, ಪಹಣಿ ಸರಿಯಿರಬೇಕು. ಸುಸೂತ್ರವಾದರೆ 30 ದಿನ, ಸಾಮಾನ್ಯವಾಗಿ 60 ದಿನ, ಪಕ್ಕದ ಹೊಲದವರು ತಕರಾರು ತೆಗೆದರೆ 270 ದಿನ ಎಂದು ಹಿಡಿಯಿರಿ. ಪರ್ಟ್ ಲೆಕ್ಕದಲ್ಲಿ 30, 240, 270 ಕೂಡಿ 540. ಆರರಿಂದ ಭಾಗಿಸಿದರೆ 90. ಇಡೀ ಕಟ್ಟಡಕ್ಕೆ ಹಿಡಿಯುವಷ್ಟೇ ಕಾಲ ಜಾಗದ ಕಾಗದಕ್ಕೂ ಬೇಕು! ನಿರ್ಣಾಯಕ ಪಥದ ಅತಿ ಉದ್ದದ ಕೊಂಡಿ ಗಾರೆಯವರ ಕೈಯಲ್ಲಿಲ್ಲ, ತಾಲ್ಲೂಕು ಕಚೇರಿಯ ಕಡತದಲ್ಲಿದೆ. ಗುತ್ತಿಗೆದಾರನ ವೇಳಾಪಟ್ಟಿ ಶುರುವಾಗುವುದು ಮಾತ್ರ ಗುದ್ದಲಿ ಪೂಜೆಯಿಂದ.

ಪಾವಗಡದ ಎರಡು ಕಾಮಗಾರಿಗಳ ವ್ಯತ್ಯಾಸ ತಿಳಿಯುವುದು ಇಲ್ಲಿ. ಸೌರ ಪಾರ್ಕಿಗೆ ಬೇಕಾದದ್ದು ಸುಮಾರು 13,000 ಎಕರೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚರ್ಲು, ವಳ್ಳೂರು, ರಾಯಚರ್ಲು ಗ್ರಾಮಗಳ ರೈತರಿಂದ ನಿಗಮ ಈ ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಭೂಸ್ವಾಧೀನವನ್ನೂ ಮಾಡಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಕೆಯೊಡನೆ ಲೀಸಿಗೆ ಪಡೆಯಿತು. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಮಳೆ ಕೈಕೊಡುವ ಸೀಮೆಯಲ್ಲಿ ವರ್ಷವರ್ಷವೂ ತಪ್ಪದೆ ಬರುವ ಹಣ ಎಂದು ಒಪ್ಪಿದವರು ಬಹಳ. ಪರಿಹಾರದ ದರಕ್ಕಾಗಿ ನಡೆಯುವ ವರ್ಷಗಟ್ಟಲೆಯ ಜಗ್ಗಾಟ ಹೀಗೆ ಪಥದಿಂದಲೇ ಹೊರಬಿತ್ತು.

ಎರಡನೆಯ ಉಪಾಯ ಕೆಲಸವನ್ನು ತುಂಡು ಮಾಡಿದ್ದು. ಪಾರ್ಕನ್ನು 50 ಮೆಗಾವ್ಯಾಟ್‌ನ ಭಾಗಗಳಾಗಿ ವಿಂಗಡಿಸಿ, ಬೇರೆ ಬೇರೆ ಕಂಪನಿಗಳಿಗೆ ವಹಿಸಲಾಯಿತು. ಒಂದು ಭಾಗ ತಡವಾದರೆ ಮತ್ತೊಂದು ನಿಲ್ಲಬೇಕಾಗಿಲ್ಲ. 2018ರ ಮಾರ್ಚ್ 1ರಂದು ಪಾರ್ಕ್ ಉದ್ಘಾಟನೆಯಾದಾಗ 600 ಮೆಗಾವ್ಯಾಟ್ ಮಾತ್ರ ಸಿದ್ಧವಾಗಿತ್ತು. ಉಳಿದದ್ದು ಆಮೇಲೆ ಸೇರಿಕೊಂಡಿತು. ಆದರೆ ಇಲ್ಲೂ ಒಂದು ಕೊಂಡಿ ಎಲ್ಲರಿಗೂ ಸಾಮಾನ್ಯ. ಫಲಕಗಳು ಎಷ್ಟೇ ಇರಲಿ, ವಿದ್ಯುತ್ ಹೊರಗೆ ಹೋಗಲು ಪವರ್‌ಗ್ರಿಡ್‌ನ 400 ಕಿಲೋವೋಲ್ಟ್ ಉಪಕೇಂದ್ರ ಮತ್ತು ತಂತಿ ಮಾರ್ಗ ಬೇಕು. ಅವು ಹಿಂದೆ ಬಿದ್ದಿದ್ದರೆ ಫಲಕಗಳು ಬಿಸಿಲು ಕಾಯಿಸಿಕೊಂಡು ಕೂತಿರಬೇಕಾಗಿತ್ತು.

ರೈಲು ಮಾರ್ಗದ ಸ್ವಭಾವವೇ ಬೇರೆ. ಅದು ಗೆರೆಯಂತೆ ಉದ್ದಕ್ಕೆ ಹೋಗುವ ಕಾಮಗಾರಿ. ಪಾರ್ಕಿನಲ್ಲಿ ಒಬ್ಬ ರೈತ ಒಪ್ಪದಿದ್ದರೆ ಅವನ ಹೊಲ ಬಿಟ್ಟು ಪಕ್ಕದಲ್ಲಿ ಫಲಕ ನೆಡಬಹುದು. ರೈಲಿನಲ್ಲಿ ಒಂದು ಕಿಲೋಮೀಟರ್ ಜಾಗ ಸಿಗದಿದ್ದರೆ ಅದರ ಎರಡೂ ಕಡೆಯ ಹಳಿ ಸೇರುವುದಿಲ್ಲ. ಈ ಮಾರ್ಗ ಕರ್ನಾಟಕ, ಆಂಧ್ರಪ್ರದೇಶ ಎರಡರಲ್ಲೂ ಹಾಯುತ್ತದೆ. ವೆಚ್ಚದಲ್ಲಿ ರಾಜ್ಯಗಳ ಪಾಲೂ ಇದೆ. ರಾಯದುರ್ಗದ ಕಡೆಯಿಂದ ಕಲ್ಯಾಣದುರ್ಗದವರೆಗಿನ ಭಾಗ ಮೊದಲೇ ಸಿದ್ಧವಾದರೂ ಮಧುಗಿರಿಯವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಸಿರಾ ಮೂಲಕ ಹೋಗುವ ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗಕ್ಕೆ 2011–12ರಲ್ಲಿ ಮಂಜೂರಾತಿ ಸಿಕ್ಕಿತು. ಅಲ್ಲಿಯೂ ಭೂಮಿಯದೇ ಗೋಳು.

ಹಾಗೆಂದು ಎಲ್ಲ ಕಡೆ ಲೀಸ್ ಮಾಡಿದರಾಯಿತು ಎನ್ನಬೇಡಿ. ಕೊರಟಗೆರೆಯನ್ನು ನೋಡಿ. ಎತ್ತಿನಹೊಳೆ ಯೋಜನೆಯ ನೀರು ಸಂಗ್ರಹಿಸಲು ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ ಜಲಾಶಯ ಎಂದು ಯೋಜಿಸಲಾಗಿತ್ತು. ನೀರಿನಲ್ಲಿ ಮುಳುಗುವ ಹೊಲಕ್ಕೆ ಲೀಸ್ ಎಲ್ಲಿಂದ ಬಂತು? ಪರಿಹಾರವನ್ನೇ ಕೊಡಬೇಕು. ಮುಳುಗಡೆಯಾಗುವ ಊರುಗಳಲ್ಲಿ ಕೆಲವು ಕೊರಟಗೆರೆಗೆ, ಕೆಲವು ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿಗೆ ಸೇರಿದವು. ಬೆಂಗಳೂರಿಗೆ ಹತ್ತಿರವಾದ ದೊಡ್ಡಬಳ್ಳಾಪುರದಲ್ಲಿ ಭೂಮಿಯ ದರ ಹೆಚ್ಚು, ಕೊರಟಗೆರೆಯಲ್ಲಿ ಕಡಿಮೆ. ಒಂದೇ ನೀರಿನಲ್ಲಿ ಮುಳುಗುವ ಹೊಲಗಳಿಗೆ ಎರಡು ಬೆಲೆ ಏಕೆ ಎಂದು ಕೊರಟಗೆರೆಯ ರೈತರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ ಎಂದು ನನಗೆ ಅನಿಸುತ್ತದೆ. ಜಲಾಶಯ ಕಗ್ಗಂಟಾಗಿ ನಿಂತಿತು. ಇತ್ತ 2014ರಲ್ಲಿ 12,912 ಕೋಟಿ ರೂಪಾಯಿ ಇದ್ದ ಯೋಜನೆಯ ಅಂದಾಜು 2023ರ ಹೊತ್ತಿಗೆ 23,251 ಕೋಟಿಗೆ ಏರಿತು. ಏರಿಕೆಗೆ ಭೂಮಿಯೊಂದೇ ಕಾರಣವಲ್ಲ, ನಿಜ. ಆದರೆ ಕಾಯುವ ಪ್ರತಿ ವರ್ಷವೂ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲದರ ಬೆಲೆಯೂ ಏರುತ್ತದೆ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆಯಾದಾಗಲೂ ಕೊರಟಗೆರೆಯ ಜನ ನೀರಿಗೆ ಕಾಯುತ್ತಲೇ ಇದ್ದರು.

ಮತ್ತೊಂದು ಮಾತು. ಸೌರ ಪಾರ್ಕಿನ ಪಟ್ಟಿಯಲ್ಲಿ ಭೂಮಿ ಇದ್ದವರಿಗೆ ಒಂದು ಸಾಲು ಇತ್ತು. ಆ ಹೊಲಗಳಲ್ಲಿ ಕಡಲೆಕಾಯಿ ಕೀಳಲು, ಕಳೆ ತೆಗೆಯಲು ಹೋಗುತ್ತಿದ್ದ, ತಮ್ಮದೆಂದು ಒಂದು ಗುಂಟೆಯೂ ಇಲ್ಲದ ಕೂಲಿಯವರಿಗೆ ಲೀಸಿನ ಹಣ ಬರುವ ಹಾಗಿರಲಿಲ್ಲ. ಕುರಿ ಮೇಯಿಸುವವರಿಗೂ ಅಷ್ಟೇ. ಫಲಕ ನೆಡುವಾಗ ಕೂಲಿ ಸಿಕ್ಕಿತು, ನೆಟ್ಟು ಮುಗಿದ ಮೇಲೆ ಹುಲ್ಲು ಕೀಳುವ, ಫಲಕ ಒರೆಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಮಾತ್ರ ಉಳಿಯಿತು. ದಿನಗಳ ಲೆಕ್ಕದಲ್ಲಿ ಗೆದ್ದ ಕಾಮಗಾರಿಯೂ ಪಟ್ಟಿಯಲ್ಲಿ ಯಾರನ್ನು ಬರೆಯಲಿಲ್ಲ ಎಂದು ನೋಡಬೇಕಾಗುತ್ತದೆ. ಪರ್ಟ್ ಸೂತ್ರ ಇದನ್ನು ತಾನಾಗಿ ಹೇಳುವುದಿಲ್ಲ. ಪಟ್ಟಿ ಬರೆಯುವವರೇ ಆ ಸಾಲನ್ನು ಸೇರಿಸಬೇಕು.

ಈಗ ನಿಮಗೊಂದು ಕೆಲಸ. ನಿಮ್ಮೂರ ಹತ್ತಿರ ಅರ್ಧಕ್ಕೆ ನಿಂತ ಸೇತುವೆಯೋ ನೀರಿನ ಟ್ಯಾಂಕೋ ಸಮುದಾಯ ಭವನವೋ ಇದ್ದರೆ, ರಜೆಯ ದಿನ ಇಬ್ಬರು ಮೂವರು ಸೇರಿ ಅಲ್ಲಿಗೆ ಹೋಗಿ. ಮೇಸ್ತ್ರಿಯನ್ನು, ಪಕ್ಕದ ಹೊಲದವರನ್ನು, ಸಾಧ್ಯವಾದರೆ ಪಂಚಾಯಿತಿ ಕಾರ್ಯದರ್ಶಿಯವರನ್ನು ಕಂಡು, “ಈಗ ಯಾವುದಕ್ಕೆ ಕಾಯುತ್ತಿದ್ದೀರಿ?” ಎಂದು ವಿನಯದಿಂದ ಕೇಳಿ. ಉತ್ತರಗಳು ಒಂದೇ ಆಗಿರುವುದಿಲ್ಲ. ಮೂರನ್ನೂ ಬರೆದುಕೊಂಡು, ಯಾವುದು ಮುಗಿಯದೆ ಯಾವುದು ಶುರುವಾಗುವಂತಿಲ್ಲ ಎಂದು ಬಾಣದ ಗುರುತು ಹಾಕುತ್ತಾ ಬನ್ನಿ. ತರಗತಿಗೆ ತಂದು ನಿಮ್ಮ ಗುರುಗಳಿಗೂ ತೋರಿಸಿ.